ಮಾತು ಎತ್ತಿಕೊಡುವವಳ ಸೀಟು

ಜುಲೈ 11

ನನ್ನ ಸೀಟಿನಲ್ಲಿ ಕೂತಿರುವ ಅಮ್ಮನಿಗೆ,

ಕ್ಷೇಮ ಸಮಾಚಾರ ಕೇಳುವುದಿಲ್ಲ. ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಯಲ್ಲಿ ಬೆಂಚು ಹಿಡಿದು ಕೂತವರು ಕ್ಷೇಮವಾಗಿರದೆ ಇನ್ನೇನು!

ನೀನು ದಿನಾ ಫೋನ್ ಮಾಡುತ್ತೀಯ, ನಾನು ಎತ್ತುವುದಿಲ್ಲ. ಕಾರಣ ಕೇಳಿ ಅಪ್ಪನ ತಲೆ ತಿನ್ನಬೇಡ, ನಾನೇ ಹೇಳುತ್ತೇನೆ. ಫೋನಿನಲ್ಲಿ ನಾನು "ನನಗೆ..." ಅಂದರೆ ಸಾಕು, ಆ ಕಡೆಯಿಂದ ನೀನು "ಬೇಜಾರಾಗಿದೆ" ಅಂತ ಮುಗಿಸಿಬಿಡುತ್ತೀಯ. ನಾನು ಹುಟ್ಟುವುದಕ್ಕೆ ಮೊದಲಿನಿಂದ ಈ ನಾಟಕ ಕಂಪನಿಯ ಪ್ರಾಂಪ್ಟರ್ ನೀನು. ಪರದೆಯ ಮರೆಯಲ್ಲಿ ಕೂತು, ಮರೆತ ನಟರಿಗೆಲ್ಲ ಮಾತು ಎತ್ತಿಕೊಟ್ಟವಳು. ಯಾರ ಬಾಯಲ್ಲಿ ಮಾತು ನಿಂತರೂ ನಿನ್ನ ನಾಲಿಗೆ ಸುಮ್ಮನಿರದು. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ. ಇಲ್ಲಿ ನಾನು ನಿಲ್ಲಿಸಿದರೆ ಮಾತು ನಿಂತೇ ಇರುತ್ತದೆ.

ಅಂದಹಾಗೆ, ನನಗೆ ಬೇಜಾರಾಗಿಲ್ಲ. ಹೊಟ್ಟೆಕಿಚ್ಚು ಹತ್ತಿದೆ! ಧಗಧಗ ಉರಿಯುತ್ತಿದೆ! ಕಂಪನಿಯ ದೀಪಗಳನ್ನೆಲ್ಲ ಆರಿಸಿ ನನ್ನನ್ನು ನಿಲ್ಲಿಸಿದರೂ ಕೊನೆಯ ಸಾಲಿನವರಿಗೆ ನಾಟಕ ಕಾಣುತ್ತದೆ.

ನಿನಗೆ ಎಲ್ಲ ಗೊತ್ತು. ಆದರೂ ಹೇಳುತ್ತೇನೆ, ಯಾಕೆಂದರೆ ಇದು ನನ್ನ ಮಾತು, ನಾನೇ ಆಡಬೇಕು.

ಮೊದಲ ಅಂಕ. ಹೋದ ವರ್ಷ ಪ್ರವೇಶ ಪರೀಕ್ಷೆಯ ದಿನ ನಾನು ಗೇಟಿನ ಹತ್ತಿರ ವಾಂತಿ ಮಾಡಿಕೊಂಡು ವಾಪಸು ಬಂದೆ. ಒಳಗೇ ಹೋಗಲಿಲ್ಲ. ಈ ವರ್ಷ ನೀನು ಅಪ್ಪನ ರಾಜಪೋಷಾಕು ಇಸ್ತ್ರಿ ಮಾಡುತ್ತಾ ಏನಂದೆ? "ನಾನೂ ಒಂದು ಅರ್ಜಿ ಹಾಕ್ತೀನಿ ಕಣೋ. ಹನ್ನೆರಡನೇ ಕ್ಲಾಸು ಪಾಸಾಗಿದ್ರೆ ಸಾಕಂತೆ, ವಯಸ್ಸು ಯಾರೂ ಕೇಳಲ್ಲ. ಆಗ ಗೇಟಿನ ಒಳಗೆ ಬಿಡಲೇಬೇಕಲ್ಲ. ನಿನ್ನ ಹಿಂದೆ ಕೂತಿರ್ತೀನಿ, ಅಷ್ಟೇ." ಅಷ್ಟೇ! ಒಟ್ಟಿಗೆ ಅರ್ಜಿ ಹಾಕಿದೆವು, ಅಕ್ಕಪಕ್ಕದ ನಂಬರು ಬಂತು. ನಾನು ಮುಂದೆ, ನೀನು ಹಿಂದೆ.

ಎರಡನೇ ಅಂಕ. ಫಲಿತಾಂಶದ ಸಂಜೆ. ರಂಗದ ಮೇಲೆ ಅಪ್ಪ. ತಲೆಯ ಮೇಲೆ ಕಿರೀಟ, ಕೈಯಲ್ಲಿ ರಾಜದಂಡ, ಸಿಂಹಾಸನದ ದಿಂಬಿನ ಕೆಳಗೆ ಮೊಬೈಲು. ಸೇನಾಪತಿ ಯುದ್ಧದ ವರದಿ ಒಪ್ಪಿಸುತ್ತಿದ್ದಾನೆ. ಮಹಾರಾಜರು ಕಳ್ಳಗಣ್ಣಲ್ಲಿ ದಿಂಬು ಎತ್ತಿ ನೋಡಿದರು. ಎದ್ದು ನಿಂತರು. "ನಿಲ್ಲಿಸು ಸೇನಾಪತಿ! ಯುದ್ಧ ಹಾಳಾಗಿ ಹೋಗಲಿ! ಮಹಾಜನಗಳೇ, ನನ್ನ ಕುಮಾರ ವಿಜ್ಞಾನದ ಪ್ರವೇಶ ಪರೀಕ್ಷೆ ಗೆದ್ದ!" ನಾನು ಪರದೆಯ ಹಗ್ಗ ಹಿಡಿದು ನಿಂತಿದ್ದೆ. ಯಾರೋ ತಳ್ಳಿದರು. ರಂಗದ ನಡುವೆ ಬಂದು ಬಾಗಿದೆ. ಚಪ್ಪಾಳೆ! ಅಮ್ಮ, ಆ ಚಪ್ಪಾಳೆ ನನ್ನ ಬೆನ್ನಿನ ಮೇಲೆ ಬಿದ್ದದ್ದು ಇನ್ನೂ ಅಲ್ಲೇ ಇದೆ.

ಆಗ ಪಕ್ಕದಿಂದ ನಿನ್ನ ಪಿಸುದನಿ. ನಟನಿಗೆ ಕೇಳಿಸುವ, ಪ್ರೇಕ್ಷಕರಿಗೆ ಕೇಳಿಸದ ಆ ದನಿ. "ಕೊನೆಯ ಅಂಕಿ ನೋಡ್ರೀ. ಅದು ನನ್ನ ನಂಬರು."

ನನ್ನ ಬೆನ್ನು ಇನ್ನೂ ಬಾಗಿಯೇ ಇತ್ತು. ಅಪ್ಪ ಬಾಯಿ ತೆರೆದು ನಿಂತರು. ಪಾಪ, ಸೇನಾಪತಿಗೆ ಏನೂ ತಿಳಿಯದು, ನಾಟಕ ನಿಂತುಹೋಗುತ್ತಲ್ಲ ಅಂತ ತನ್ನ ಮುಂದಿನ ಮಾತು ಹೇಳಿದ: "ನಾವು ಸೋತೆವು ಪ್ರಭು."

ಪಟ್ಟಿಯ ಕೊನೆಯ ನಂಬರು ನಿನ್ನದು. ವೇಟಿಂಗ್ ಲಿಸ್ಟಿನ ಮೊದಲ ನಂಬರು ನನ್ನದು. ಆಗಸ್ಟ್ ಮುಗಿಯುವುದರೊಳಗೆ ಒಬ್ಬರೇ ಒಬ್ಬರು ಸೀಟು ಬಿಟ್ಟರೆ ನಾನು ಒಳಗೆ. ಇಲ್ಲವಾದರೆ ಹೊರಗೆ. ಆ ಒಬ್ಬರು ಯಾರಾಗಬಹುದು ಅಂತ ನಾನು ಹೇಳುವುದಿಲ್ಲ. ಬೇಕಾದರೆ ನೀನೇ ಎತ್ತಿಕೊ.

ಇತಿ,
ಸಿಂಹಾಸನ ತಪ್ಪಿದವನು

*

ಜುಲೈ 20

ಮಗನೇ,

ನಿನ್ನ ಪತ್ರ ಬಂತು. ತರಗತಿಗಳ ನಡುವೆ, ಮೆಟ್ಟಿಲ ಮೇಲೆ ಕೂತು ಓದಿದೆ. ನೀನು ಬರೆದರೂ ನಿಮ್ಮಪ್ಪ ಮಾತಾಡಿದ ಹಾಗೇ ಇರುತ್ತೆ. ಪತ್ರ ಮಡಚಿದ ಮೇಲೂ ಕಿವಿ ಗುಂಯ್‌ಗುಡುತ್ತಿತ್ತು.

ಹೊರಡುವ ದಿನ ನೀನು ಹಾಸಿಗೆ ಬಿಟ್ಟು ಏಳಲಿಲ್ಲ. ನಿನ್ನ ಬೆನ್ನು ನೋಡಿಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಇಲ್ಲಿ ಮೊದಲ ದಿನ ನಾನು ತರಗತಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತರು. ಯಾರು ಬಂದರಪ್ಪ ಅಂತ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ. ಮೇಡಮ್ ಅಂತ ತಿಳಿದಿದ್ದರು! ನಾನು ಹೋಗಿ ಬೆಂಚಿನಲ್ಲಿ ಕೂತಾಗ ಎಲ್ಲ ಗೊಳ್ ಅಂತ ನಕ್ಕರು, ನಾನೂ ನಕ್ಕೆ. ಹಾಸ್ಟೆಲಿನಲ್ಲಿ ಒಬ್ಬಳು "ನಿಮ್ಮ ಮಗಳು ಯಾವ ರೂಮು ಆಂಟಿ?" ಅಂತ ಕೇಳಿದಳು. "ನಾನೇ ನನ್ನ ಮಗಳು" ಅಂದೆ. ಅವಳೀಗ ನನ್ನ ಜೊತೆಗೇ ಇರುವವಳು. ದಪ್ಪ ಕನ್ನಡಕ ಹಾಕುತ್ತಾಳೆ, ಮಲಗುವಾಗ ಅದನ್ನು ಚಪ್ಪಲಿಯೊಳಗೆ ಇಡುತ್ತಾಳೆ. ಬೆಳಿಗ್ಗೆ ಹುಡುಕುವುದು ಸುಲಭವಂತೆ.

ರೂಮು ಚಿಕ್ಕದು. ಎರಡು ಕಬ್ಬಿಣದ ಮಂಚ, ಒಂದು ಮೇಜು, ಪೂರ್ತಿ ಮುಚ್ಚದ ಕಿಟಕಿ. ಸಂಜೆ ಹೊತ್ತು ನಾಲ್ಕೈದು ಹುಡುಗಿಯರು ಬರುತ್ತಾರೆ. ನಾನು ಪ್ರಶ್ನೆ ಓದುತ್ತೇನೆ, ಅವರು ಉತ್ತರ ಹೇಳುತ್ತಾರೆ, ನಿನಗೆ ಮಾಡುತ್ತಿದ್ದ ಹಾಗೇ. ನಿನ್ನೆಯಿಂದ ನನ್ನನ್ನು ಅಮ್ಮ ಅಂತ ಕರೆಯೋಕೆ ಶುರು ಮಾಡಿದ್ದಾರೆ.

ಸೀಟಿನ ವಿಷಯ ನನಗೆ ಗೊತ್ತಿದೆ. ಪತ್ರದಲ್ಲಾದರೂ ನಿನ್ನ ಮಾತು ನೀನೇ ಪೂರ್ತಿ ಆಡಬೇಕು ಅಂದೆಯಲ್ಲ. ಹಾಗಾದರೆ ಆಡು. ನಾನು ಎತ್ತಿಕೊಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ

*

ಜುಲೈ 27

ಸಕಲ ಹುಡುಗಿಯರ ಅಮ್ಮನವರಿಗೆ,

ಅಮ್ಮ ಅಂತ ಕರೆಯುತ್ತಾರಂತೆ! ನಿನ್ನೆಯಿಂದ ಅಂತೆ! ಈ ಮಾತು ಓದಿದಾಗ ನಾನು ಪ್ರಾಂಪ್ಟರ್ ಸ್ಟೂಲಿನ ಮೇಲೆ ಕೂತಿದ್ದೆ. ಹೌದು, ನಿನ್ನ ಸ್ಟೂಲೇ, ಒಂದು ಕಾಲು ಕುಂಟುವ ಅದೇ. ಕಂಪನಿಯ ಮಾಲೀಕರು, ಬೇರೆ ಯಾರಾದರೂ ಸಿಗುವವರೆಗೆ ನೀನೇ ಕೂರು ಅಂದರು. ಸಿಟ್ಟಿನಲ್ಲಿ ಎದ್ದೆ, ಸ್ಟೂಲು ಬಿತ್ತು, ರಂಗದ ಮೇಲೆ ಸಾಯುತ್ತಿದ್ದ ಮಂತ್ರಿ ಬೆಚ್ಚಿ ಎದ್ದು ಕೂತ. ಜನ ನಕ್ಕರು. ಅವನು ಮತ್ತೆ ಸಾಯಬೇಕಾಯಿತು.

ಮತ್ತೆ ಎಲ್ಲರದೂ ಒಂದೇ ಮಾತು. "ನಿಮ್ಮಮ್ಮ ಇದ್ದಿದ್ರೆ..." ಸೇನಾಪತಿ ಹೇಳುತ್ತಾನೆ, ಬಣ್ಣ ಹಚ್ಚುವವರು ಹೇಳುತ್ತಾರೆ, ಟಿಕೆಟ್ ಹರಿಯುವವನೂ ಹೇಳುತ್ತಾನೆ. ಅವನಿಗೇನಪ್ಪ ಪ್ರಾಂಪ್ಟರ್‌ನಿಂದ ಆಗಬೇಕಾದ್ದು! ಎಲ್ಲರ ಬಾಯಲ್ಲೂ ನೀನೇ. ಅಲ್ಲಿ ನನ್ನ ಸೀಟು ನಿನ್ನದು, ಇಲ್ಲಿ ನನ್ನ ಸ್ಟೂಲೂ ನಿನ್ನದು.

ಆಡು ಅಂದೆಯಲ್ಲ. ಆಡುತ್ತೇನೆ. ಎರಡು ಹೆಜ್ಜೆ ಮುಂದೆ ಬಂದು, ಎದೆ ಸೆಟೆಸಿ ಹೇಳುತ್ತೇನೆ.

ಪರೀಕ್ಷೆಯ ದಿನ ನಡೆದದ್ದನ್ನು ನೀನು ಒಂದು ಸಲವೂ ಕೇಳಲಿಲ್ಲ. ಎಲ್ಲವೂ ಬರುತ್ತಿತ್ತು. ಆಮೇಲೆ ಆ ರಾಟೆಯ ಪ್ರಶ್ನೆ ಬಂತು. ಒಂದು ರಾಟೆ, ಅದರ ಮೇಲೊಂದು ಹಗ್ಗ, ಎರಡು ಕಡೆ ಎರಡು ತೂಕ. ಅಮ್ಮ, ನಾನು ದಿನಾ ಪರದೆ ಎಳೆಯುವವನು! ರಾಟೆಯ ಹಗ್ಗ ನನ್ನ ಅಂಗೈ ಸವೆಸಿದೆ! ಓದಿದೆ, ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಮನೆಯಲ್ಲಾದರೆ ಹೀಗೆ ನಿಂತ ಕೂಡಲೇ ನೀನು "ಭಾರದ ಕಡೆಗೆ..." ಅನ್ನುತ್ತಿದ್ದೆ, ಉಳಿದದ್ದು ನನ್ನ ಬಾಯಿಂದ ಸರಸರ ಬರುತ್ತಿತ್ತು. ಅಲ್ಲೂ ಕಾದೆ. ನೀನು ಹಿಂದೆಯೇ ಕೂತಿದ್ದೀಯಲ್ಲ. ಪರೀಕ್ಷೆಯಲ್ಲಿ ಮಾತಾಡಬಾರದು ಅಂತ ತಲೆಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ಕಿವಿ ಹಿಂದಕ್ಕೆ ತಿರುಗಿ ಕಾಯುತ್ತಲೇ ಇತ್ತು.

ಕೇಳಿಸಿದ್ದೇನು ಗೊತ್ತೆ? ನಿನ್ನ ಪೆನ್ನು. ಉತ್ತರದ ವೃತ್ತ ತುಂಬುತ್ತಿರುವ ನಿನ್ನ ಪೆನ್ನು! ಕರಕರಕರ!

ಆ ಒಂದು ಪ್ರಶ್ನೆ ಬಿಟ್ಟೆ. ಆ ಒಂದು ಪ್ರಶ್ನೆಯಷ್ಟೇ ನಾನು ನಿನಗಿಂತ ಕೆಳಗೆ.

ಆದ್ದರಿಂದ ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೇನೆ. ಸೀಟು ಬಿಡು. ನೀನು ಅಲ್ಲಿಗೆ ಹೋದದ್ದು ನನ್ನ ಜೊತೆಗಿರಲು. ನಾನೇ ಇಲ್ಲದ ಕಡೆ ನಿನಗೇನು ಕೆಲಸ?

ಇತಿ,
ವೇಟಿಂಗ್ ಲಿಸ್ಟಿನ ಮೊದಲನೆಯವನು

*

ಆಗಸ್ಟ್ 17

ನನ್ನ ಪಟ್ಟದ ರಾಣಿಗೆ,

ಮಗನ ಪತ್ರಕ್ಕೆ ನೀನು ಉತ್ತರ ಬರೆದಿಲ್ಲವಂತೆ. ಅವನು ಪೋಸ್ಟಿನವನನ್ನು ಕಂಡರೆ ಮುಖ ತಿರುಗಿಸುತ್ತಾನೆ, ಅವನು ಹೋದ ಮೇಲೆ ಓಡಿಹೋಗಿ ಡಬ್ಬಿ ನೋಡುತ್ತಾನೆ.

ಮನೆಯ ಸಮಾಚಾರ ಹೇಳುವುದಾದರೆ, ಮೂರು ರಾಜ್ಯ ಗೆದ್ದವನಿಗೆ ಮನೆಯಲ್ಲಿ ಒಂದು ಜೊತೆ ಕಾಲುಚೀಲ ಸಿಗುತ್ತಿಲ್ಲ. ನಾನು "ಕಾಲು..." ಅಂತ ಕೂಗುತ್ತೇನೆ, "ಕಪಾಟಿನ ಮೇಲಿದೆ" ಅನ್ನುವವರಿಲ್ಲ. ನಿನ್ನೆ ಪೂರ್ತಿ ವಾಕ್ಯ ಹೇಳಿ ನೋಡಿದೆ, ಆಗಲೂ ಸಿಗಲಿಲ್ಲ.

ನನ್ನ ಅಭಿಪ್ರಾಯ ನೀನು ಕೇಳಿಲ್ಲ, ನಾನೂ ಹೇಳುವುದಿಲ್ಲ. ಬರೆದುಕೊಟ್ಟದ್ದನ್ನು ಆಡಿದವನು ನಾನು, ನನಗೆ ನನ್ನ ಅಭಿಪ್ರಾಯ ಅಂತ ಎಲ್ಲಿಂದ ಬರಬೇಕು! ಆದರೆ ಒಂದು ಮಾತು. ಆವತ್ತು ಪರದೆಯ ಮರೆಯಿಂದ ನೀನು "ಅದು ನನ್ನ ನಂಬರು" ಅಂದೆಯಲ್ಲ, ಇಷ್ಟು ವರ್ಷದಲ್ಲಿ ನೀನು ನನಗೆ ಎತ್ತಿಕೊಟ್ಟ ಮಾತುಗಳಲ್ಲಿ ಪುಸ್ತಕದಲ್ಲಿ ಇಲ್ಲದ ಮಾತು ಅದೊಂದೇ. ನನಗೆ ಮೈ ಜುಮ್ಮೆಂದಿತ್ತು. ಸ್ವಲ್ಪ ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಕಾಲುಚೀಲ ಎಲ್ಲಿದೆ?

ನಿನ್ನ
ಮಹಾರಾಜ

*

ಆಗಸ್ಟ್ 31

ಮಗನೇ,

ಇವತ್ತು ಕಡೆಯ ದಿನ. ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಸೀಟು ಬಿಡೋಣ ಅಂತಲೇ ಹೋಗಿದ್ದೆ. ಇದನ್ನು ನೀನು ನಂಬಬೇಕು.

ಗುಮಾಸ್ತರು ಒಳ್ಳೆಯವರು. ಗಾಜಿನ ಆಚೆಯಿಂದ "ಯಾಕೆ ಬಿಡ್ತಿದ್ದೀರಿ ಅಂತ ಬರೀಬೇಕಲ್ಲಮ್ಮ" ಅಂದರು. ನಾನು ಯೋಚಿಸುತ್ತಾ ನಿಂತೆ. ಹಿಂದೆ ಜನ ಇದ್ದರು. ಅವರು ಪೆನ್ನು ಹಿಡಿದು ಕಾದರು, ಕಾದು, ಪಾಪ, ಸಹಾಯ ಮಾಡೋಣ ಅಂತ ಹೇಳಿದರು: "ಮಗನಿಗೋಸ್ಕರ... ಅಂತ ಹಾಕ್ಲಾ?"

ನನ್ನ ಬಾಯಿಗೆ ಇನ್ನೊಬ್ಬರು ಮಾತು ಎತ್ತಿಕೊಟ್ಟದ್ದು ಅದೇ ಮೊದಲು. ಎಷ್ಟು ಸಲೀಸಾಗಿತ್ತು ಗೊತ್ತೆ? ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅದು ಒಳ್ಳೆಯ ಮಾತು ಕೂಡ. ಯಾವ ನಾಟಕದಲ್ಲಿ ಹೇಳಿದರೂ ಚಪ್ಪಾಳೆ ಬೀಳುವ ಮಾತು. ಆದರೆ ನನ್ನದಲ್ಲ.

"ಬೇಡ, ಬರೀಬೇಡಿ" ಅಂದೆ. ವಾಪಸು ಬಂದೆ.

ನಾನು ಸೀಟು ಬಿಡುವುದಿಲ್ಲ ಕಣೋ.

ಹೊಟ್ಟೆಕಿಚ್ಚು ನಿನ್ನೊಬ್ಬನದೇ ಅಂದುಕೊಂಡಿದ್ದೀಯ. ರಂಗದ ಮೇಲೆ ರಾಣಿಯ ಪಾತ್ರದವಳು ಅತ್ತರೆ ಆ ಮಾತೆಲ್ಲ ನನಗೆ ಬಾಯಿಪಾಠ. ಅವಳಿಗೆ ನೆಗಡಿಯಾದ ದಿನ ಅವಳಿಗಿಂತ ಮೊದಲು ನಾನೇ ಅತ್ತಿದ್ದೇನೆ, ಕತ್ತಲಲ್ಲಿ, ಸ್ಟೂಲಿನ ಮೇಲೆ. ಚಪ್ಪಾಳೆ ಬಿದ್ದಾಗೆಲ್ಲ ಪುಸ್ತಕ ಮುಚ್ಚಿ ಮುಂದಿನ ದೃಶ್ಯದ ಪುಟ ತೆಗೆಯುತ್ತಿದ್ದೆ. ನೀನು ರಂಗದ ಮೇಲೆ ಬಾಗಿ ನಿಂತಿದ್ದೆಯಲ್ಲ ಆವತ್ತು, ಆ ಒಂದು ಸಂಜೆ ನಾನು ಸುಮ್ಮನಿರಬಹುದಿತ್ತು. ಮನೆಗೆ ಬಂದ ಮೇಲೆ ನಿಧಾನಕ್ಕೆ ಹೇಳಬಹುದಿತ್ತು. ಆಗಲಿಲ್ಲ. ಆ ಚಪ್ಪಾಳೆ ನನ್ನದಾಗಿತ್ತು, ಅದು ನಿನ್ನ ಬೆನ್ನ ಮೇಲೆ ಬೀಳುವುದನ್ನು ನನಗೆ ಸಹಿಸಲಾಗಲಿಲ್ಲ. ತಪ್ಪಾಯಿತು ಅಂತ ಹೇಳುತ್ತಿಲ್ಲ. ಸುಮ್ಮನೆ ಹೇಳುತ್ತಿದ್ದೇನೆ.

ಮುಂದಿನ ವರ್ಷ ಪರೀಕ್ಷೆ ಇದೆ. ನೀನು ಬರೆಯುತ್ತೀಯ.

ಅಪ್ಪನಿಗೆ ಹೇಳು, ಕಾಲುಚೀಲ ಕಿರೀಟದ ಪೆಟ್ಟಿಗೆಯಲ್ಲಿದೆ.

ಅಮ್ಮ

*

ಸೆಪ್ಟೆಂಬರ್ 9

ಪತ್ರ ತಲುಪಿತು. ಅಪ್ಪನಿಗೆ ಕಾಲುಚೀಲ ಸಿಕ್ಕಿತು.

ಪರದೆ.

*

ನವೆಂಬರ್ 22

ಮಗನೇ,

ಎರಡು ತಿಂಗಳಲ್ಲಿ ಮೂರು ಪತ್ರ ಬರೆದೆ, ನಿನ್ನಿಂದ ಒಂದೂ ಇಲ್ಲ. ಇದು ನಾಲ್ಕನೆಯದು. ನನ್ನ ಕೆಲಸಕ್ಕಾಗಿ ಬರೆಯುತ್ತಿದ್ದೇನೆ, ಆದ್ದರಿಂದ ನೀನು ನಾಚಿಕೆ ಇಲ್ಲದೆ ಉತ್ತರ ಬರೆಯಬಹುದು.

ಇಲ್ಲಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಎದುರು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಮೊನ್ನೆ ಮೇಷ್ಟ್ರು ಮಸೂರದ ಮೇಲೆ ಕೇಳಿದರು. ಹೇಳಿದೆ. "ಹೇಳಿ" ಅಂದರು. ಮತ್ತೆ ಹೇಳಿದೆ. "ಅಯ್ಯೋ ಹೇಳೀಮ್ಮಾ, ಭಯ ಯಾಕೆ?" ಅಂದರು. ಆಗ ಅರ್ಥವಾಯಿತು, ಅವರಿಗೆ ಏನೂ ಕೇಳಿಸುತ್ತಿಲ್ಲ. ಅಷ್ಟು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ನನಗೆ ಬೇರೆ ದನಿಯೇ ಇಲ್ಲ. ಉತ್ತರ ಸರಿ, ಮಾರ್ಕು ಸೊನ್ನೆ. ಮುಂದಿನ ತಿಂಗಳು ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅದೂ ಹೋದರೆ ಈ ಅರ್ಧ ವರ್ಷ ಪೂರ್ತಿ ಮತ್ತೆ ಓದಬೇಕು.

ಹುಡುಗಿಯರು ಏನೇನೋ ಹೇಳಿಕೊಡುತ್ತಾರೆ. ಬಿಸಿನೀರು ಕುಡಿ ಅಂತೆ, ಉಸಿರು ಬಿಗಿಹಿಡಿ ಅಂತೆ. ನಿಮ್ಮಪ್ಪನನ್ನು ಕೇಳಿದರೆ ಭಾಷಣ ಮಾಡುತ್ತಾರೆ. ನಿನಗೆ ಕೊನೆಯ ಸಾಲಿನವರೆಗೆ ದನಿ ಎಸೆಯುವುದು ಗೊತ್ತು. ಹೇಗೆ?

ಅಮ್ಮ

*

ಡಿಸೆಂಬರ್ 1

ದನಿ ಕಳೆದುಕೊಂಡವಳಿಗೆ,

ಎದುರಿಗಿರುವವರಿಗೆ ಹೇಳಬೇಡ. ಅವರ ಹಿಂದಿನ ಗೋಡೆಗೆ ಹೇಳು. ಗೋಡೆಗೆ ಕಿವಿ ಮಂದ ಅಂದುಕೊ. ಹೊಟ್ಟೆಯಿಂದ ಎತ್ತು, ಗಂಟಲಿಂದ ಬೇಡ. ವಾಕ್ಯದ ಕೊನೆಯಲ್ಲಿ ದನಿ ಇಳಿಸುವ ಚಟ ನಿನಗಿದೆ, ಕೊನೆಯ ಪದವನ್ನು ಎಲ್ಲಕ್ಕಿಂತ ಜೋರಾಗಿ ಹೇಳು. ಸಾಕಾ? ಇದನ್ನು ಹೇಳಿಕೊಡುವಾಗ ಹಲ್ಲು ಕಡಿಯುತ್ತಿದ್ದೆ ಅಂತ ತಿಳಿದುಕೊ. ನೀನು ಫೇಲಾದರೆ ಆ ಸೀಟು ಯಾರಿಗೂ ಇಲ್ಲದೆ ವ್ಯರ್ಥ. ನನ್ನಿಂದ ಕಿತ್ತುಕೊಂಡದ್ದನ್ನು ಬೀಳಿಸಿ ಒಡೆಯಬೇಡ.

ಇನ್ನೊಂದು ವಿಷಯ. ಮೂರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಹೊಸ ನಾಟಕದಲ್ಲಿ ರಾಜನಿಗೆ ಮಗ ಸತ್ತ ಸುದ್ದಿ ಬರುವ ದೃಶ್ಯ. ದೂತ ಹೇಳಿದ. ಅಪ್ಪ ಸುಮ್ಮನಾದರು. ಒಂದು ಕ್ಷಣ, ಎರಡು ಕ್ಷಣ. ಮರೆತರು ಅಂತ ನಾನು ಹೆದರಿ, ಮುಂದಿನ ಮಾತನ್ನು ಎಸೆದೆ. ಅಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ಕಡೆ ನೋಡಿ, ಮಾತು ಮುಗಿಸಿದರು. ಪರದೆ ಬಿದ್ದ ಕೂಡಲೇ ಬಂದು ಕೊರಳಪಟ್ಟಿ ಹಿಡಿದರು. "ಮರೆತಿರಲಿಲ್ಲ ಕಣೋ ಕತ್ತೆ! ಅಳ್ತಾ ಇದ್ದೆ!"

ಆಮೇಲೆ ಕೊರಳಪಟ್ಟಿ ಬಿಟ್ಟು, ಮೆತ್ತಗೆ ಅಂದರು: "ನಿಮ್ಮಮ್ಮನಿಗೆ ಗೊತ್ತಾಗ್ತಿತ್ತು. ನಾನು ನಿಲ್ಲಿಸಿದ್ದೀನಾ, ನಿಂತುಹೋಗಿದ್ದೀನಾ ಅಂತ ಅವಳಿಗೆ ಕಣ್ಣಲ್ಲೇ ಗೊತ್ತಾಗ್ತಿತ್ತು. ಪೂರ್ತಿ ಒಂದು ನಿಮಿಷ ನನ್ನನ್ನ ಸುಮ್ಮನೆ ಬಿಟ್ಟ ದಿನ ಇದೆ."

ನನಗೆ ಹೇಗಾಗಿರಬೇಡ! ನೀನು ಆ ಸೇನಾಪತಿಗೆ ನಿಲ್ಲಲು ಬಿಟ್ಟೆ. ಆ ಕುಡುಕ ಮಂತ್ರಿಗೆ ಬಿಟ್ಟೆ. ಅಪ್ಪನಿಗೆ ಒಂದು ನಿಮಿಷ ಬಿಟ್ಟೆ. ನನ್ನನ್ನು ಮಾತ್ರ ಅರೆಗಳಿಗೆ ಬಿಡಲಿಲ್ಲ. ಬಾಯಿ ತೆರೆಯುವ ಮೊದಲೇ "ಭಾರದ ಕಡೆಗೆ...", "ವೇಗ ಹೆಚ್ಚಿದಷ್ಟೂ...", "ಬೆಳಕು ಬಾಗಿ..." ನನಗೆ ಎಲ್ಲ ಬರುತ್ತದೆ ಅಂತ ನಾನು ತಿಳಿದಿದ್ದೆ ಅಮ್ಮ. ನನಗೆ ಬರುತ್ತಿದ್ದದ್ದು ಉತ್ತರದ ಎರಡನೇ ಅರ್ಧ ಮಾತ್ರ!

ನೀನು ಅವರೆಲ್ಲರ ಕಣ್ಣು ಓದಿದೆ. ನನ್ನ ಕಣ್ಣು ಯಾಕೆ ಓದಲಿಲ್ಲ?

ಇತಿ,
ಎರಡನೇ ಅರ್ಧ

*

ಡಿಸೆಂಬರ್ 14

ಮಗನೇ,

ಗೋಡೆಗೆ ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಪಕ್ಕದ ಕೋಣೆಯಿಂದ ಇಬ್ಬರು ಬಂದು ಇಣುಕಿದರು, ಮೇಷ್ಟ್ರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಪಾಸಾಯಿತು.

ನೀನು ಕೇಳಿದ್ದಕ್ಕೆ ಉತ್ತರ ಹುಡುಕಲು ಇಷ್ಟು ದಿನ ಬೇಕಾಯಿತು. ನಟ ನಿಂತರೆ ನಾಟಕ ನಿಲ್ಲುತ್ತೆ. ನೀನು ನಿಂತರೆ ನನಗೆ ಉಸಿರು ನಿಲ್ಲುತ್ತೆ. ಕಣ್ಣು ನೋಡುವಷ್ಟು ಹೊತ್ತು ನನ್ನಿಂದ ತಡೆಯೋಕೆ ಆಗುತ್ತಿರಲಿಲ್ಲ. ಅದಲ್ಲದೆ ಇನ್ನೊಂದಿದೆ. ನಿನ್ನ ಪುಸ್ತಕ ಓದಿ ಹೇಳುತ್ತಾ ಹೇಳುತ್ತಾ ಆ ಉತ್ತರಗಳ ರುಚಿ ನನಗೆ ಹತ್ತಿಬಿಟ್ಟಿತ್ತು. ನಿನಗಿಂತ ಮೊದಲು ನಾನೇ ಹೇಳಬೇಕು ಅಂತ ಅನ್ನಿಸುತ್ತಿತ್ತು.

ಇಲ್ಲಿನ ಹುಡುಗಿಯರಿಗೆ ಈಗ ಪ್ರಶ್ನೆ ಓದಿ, ಕೈಯಿಂದ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಕನ್ನಡಕದವಳು "ಅಮ್ಮನಿಗೆ ಹಲ್ಲುನೋವು" ಅನ್ನುತ್ತಾಳೆ.

ಮೇ ತಿಂಗಳಲ್ಲಿ ಪರೀಕ್ಷೆ. ಬರಲಾ? ಒಳಗೆ ಬರುವುದಿಲ್ಲ. ಗೇಟಿನ ಹೊರಗೆ ನಿಂತಿರುತ್ತೇನೆ.

ಅಮ್ಮ

*

ಡಿಸೆಂಬರ್ 21

ಬರಬೇಡ.

ಕನ್ನಡಕದವಳಿಗೆ ಹೇಳು, ಅಮ್ಮ ಅನ್ನುವುದನ್ನು ನಿಲ್ಲಿಸಲಿ. ಆಂಟಿ ಅಂದರೆ ಅವಳ ಗಂಟು ಏನು ಹೋಗುತ್ತೆ?

ಇತಿ,
ಒಬ್ಬನೇ ಓದುತ್ತಿರುವವನು

*

ಮೇ 16

ಬರದೇ ಇದ್ದ ಅಮ್ಮನಿಗೆ,

ಬರಬೇಡ ಅಂದೆ, ನೀನು ಬರಲಿಲ್ಲ. ಅದಕ್ಕೂ ಸಿಟ್ಟು ಬಂತು. ಗೇಟಿನ ಹತ್ತಿರ ಅಮ್ಮಂದಿರ ದೊಡ್ಡ ಗುಂಪು. ಒಬ್ಬಳು ಮಗನ ಬಾಯಿಗೆ ನೀರಿನ ಬಾಟಲಿ ಹಿಡಿದಿದ್ದಳು, ಇನ್ನೊಬ್ಬಳು ಮಗಳ ಕಿವಿಯಲ್ಲಿ ಸೂತ್ರ ಒಪ್ಪಿಸುತ್ತಿದ್ದಳು. ಎಲ್ಲರ ಮೇಲೂ ಹೊಟ್ಟೆ ಉರಿಯಿತು. ಎರಡು ವರ್ಷದ ಹಿಂದೆ ವಾಂತಿ ಮಾಡಿದ್ದ ಅದೇ ಕಂಬ. ಹಿಡಿದುಕೊಂಡೆ. ಕಾವಲುಗಾರ "ಏನಪ್ಪಾ, ಒಳಗೋ ಹೊರಗೋ? ದಾರಿ ಬಿಡು" ಅಂದ. ಒಳಗೆ ಅಂದೆ. ಅವನ ಹಿಂದಿನ ಗೋಡೆಗೆ ಕೇಳುವ ಹಾಗೆ ಅಂದೆ. ಪಾಪ, ಸಲ್ಯೂಟ್ ಹೊಡೆದುಬಿಟ್ಟ.

ಹಿಂದಿನ ಬೆಂಚಿನಲ್ಲಿ ಒಬ್ಬ ಕೆಮ್ಮುತ್ತಿದ್ದ. ಎಲ್ಲ ಸರಿಯಾಗಿಯೇ ನಡೆಯಿತು, ಆಮೇಲೆ ಒಂದು ಪ್ರಶ್ನೆ. ರಾಟೆಯದಲ್ಲ, ನೀರಿನಲ್ಲಿ ಮುಳುಗಿದ ಗುಂಡಿನದು. ಮಾತು ಬಂದು ನಾಲಿಗೆಯ ತುದಿಯಲ್ಲಿ ನಿಂತಿತು. ಅದೇ ಜಾಗ. ಕಿವಿ ತಾನಾಗಿ ಹಿಂದಕ್ಕೆ ತಿರುಗಿತು. ಕೆಮ್ಮು ಬಿಟ್ಟರೆ ಏನೂ ಇಲ್ಲ.

ಆಗ ನನಗೆ ನಾನೇ ಹೇಳಿಕೊಂಡೆ: "ನೀನು ಮರೆತಿಲ್ಲ, ನಿಲ್ಲಿಸಿದ್ದೀಯ." ಮಹಾರಾಜರ ಹಾಗೆ ಪೆನ್ನು ಕೆಳಗಿಟ್ಟೆ, ಕೈ ಕಟ್ಟಿದೆ, ಎದುರಿನ ಗೋಡೆ ನೋಡಿದೆ. ಮೇಲ್ವಿಚಾರಕಿ ಎರಡು ಸಲ ನನ್ನ ಕಡೆ ನೋಡಿದಳು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಉತ್ತರದ ಮೊದಲ ಅರ್ಧ ಬಂತು. ಯಾರ ದನಿಯಲ್ಲಿ ಬಂತು ಅಂತ ಕೇಳು. ನನ್ನದೇ ದನಿ! ಸ್ವಲ್ಪ ಒರಟು, ಆದರೆ ನನ್ನದು!

ವೃತ್ತ ತುಂಬುವಾಗ ಹಿಂದಿನವನ ಕೆಮ್ಮು ನಿಂತಿತು. ಅವನು ನನ್ನ ಪೆನ್ನಿನ ಸದ್ದು ಕೇಳುತ್ತಿದ್ದ ಅಂತ ನನಗೆ ಖಾತ್ರಿ.

ಸರಿಯೋ ತಪ್ಪೋ ಗೊತ್ತಿಲ್ಲ. ಫಲಿತಾಂಶ ಜೂನಿನಲ್ಲಿ.

ಇತಿ,
ಮೊದಲ ಅರ್ಧ

*

ಜೂನ್ 16

ಮಗನೇ,

ಫಲಿತಾಂಶ ಬಂತಂತೆ. ಹುಡುಗಿಯರು ಫೋನು ಹಿಡಿದುಕೊಂಡು ಓಡಿ ಬಂದರು, "ನಂಬರು ಹೇಳಿ, ನೋಡಿ ಹೇಳ್ತೀವಿ" ಅಂತ. ನಿನ್ನ ನಂಬರು ನಿಮ್ಮಪ್ಪ ಎಂದೋ ಹೇಳಿದ್ದಾರೆ, ನನಗೆ ಬಾಯಿಪಾಠ. ಹೇಳಲಿಲ್ಲ. ನಾನೂ ನೋಡಲಿಲ್ಲ.

ನೀನು ಹೇಳು. ನಿನಗೆ ಹೇಳಬೇಕು ಅನ್ನಿಸಿದಾಗ.

ಕಾಯುತ್ತಿದ್ದೇನೆ. ಎಷ್ಟು ಕಷ್ಟ ಗೊತ್ತೆ?

ಅಮ್ಮ

*

ಜೂನ್ 23

ಅಮ್ಮ,

ಗೊತ್ತು. ಆದ್ದರಿಂದಲೇ ಒಂದು ವಾರ ಕಾಯಿಸಿದೆ. ಅಷ್ಟಾದರೂ ಸೇಡು ಬೇಡವೆ!

ಕೇಳು. ಫಲಿತಾಂಶದ ಸಂಜೆ. ರಂಗದ ಮೇಲೆ ಅಪ್ಪ. ದಿಂಬಿನ ಕೆಳಗಿನ ಮೊಬೈಲನ್ನು ನಾನು ಮೊದಲೇ ಕಿತ್ತುಕೊಂಡಿದ್ದೆ. ಪರದೆಯ ಪಕ್ಕ, ಕುಂಟುವ ಸ್ಟೂಲಿನ ಮೇಲೆ ಕೂತು, ಪಟ್ಟಿಯನ್ನು ನಾನೇ ತೆಗೆದೆ. ಕೆಳಗಿನಿಂದ ನೋಡುತ್ತಾ ಬಂದೆ. ಹೋದ ವರ್ಷ ನೀನಿದ್ದ ಕೊನೆಯ ಜಾಗದಲ್ಲಿ ಯಾರದೋ ನಂಬರು. ಮೇಲಕ್ಕೆ ಹೋದೆ. ಒಂದು ನಂಬರಿನ ಹತ್ತಿರ ನಿಂತೆ. ಮೊದಲ ಅಂಕಿಯಿಂದ ಓದಿದೆ. ಕೊನೆಯ ಅಂಕಿಯವರೆಗೆ ಓದಿದೆ. ಮತ್ತೆ ಕೊನೆಯ ಅಂಕಿ ಓದಿದೆ.

ಅಷ್ಟರಲ್ಲಿ ರಂಗ ಸದ್ದಿಲ್ಲದೆ ನಿಂತಿತ್ತು. ಸೇನಾಪತಿ ವರದಿ ಮುಗಿಸಿದ್ದ, ಈಗ ರಾಜನ ಮಾತು. ಅಪ್ಪ ಮಾತಾಡುತ್ತಿಲ್ಲ. ಕತ್ತು ತಿರುಗಿಸಿ ನನ್ನ ಕಡೆ ನೋಡುತ್ತಿದ್ದಾರೆ. ಎಲ್ಲರೂ ಮರೆತರು ಅಂದುಕೊಂಡರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಲೀಕರು ಆ ಪಕ್ಕದಿಂದ "ಎತ್ತಿಕೊಡೋ, ಎತ್ತಿಕೊಡೋ" ಅಂತ ಕೈ ಬೀಸುತ್ತಿದ್ದಾರೆ.

ನಾನು ಕಣ್ಣು ನೋಡಿದೆ. ಅಪ್ಪ ಮರೆತಿರಲಿಲ್ಲ.

ಬಾಯಿ ತೆರೆಯಲಿಲ್ಲ ನಾನು. ಸ್ಟೂಲಿನಿಂದ ಎದ್ದು, ಅವರಿಗೆ ಕಾಣುವ ಹಾಗೆ ನಿಂತು, ಒಂದು ಸಲ ತಲೆ ಆಡಿಸಿದೆ, ಅಷ್ಟೇ.

ಅಪ್ಪ ಮುಖ ಪ್ರೇಕ್ಷಕರ ಕಡೆ ತಿರುಗಿಸಿದರು. ಈಗ ಘೋಷಣೆ ಮಾಡುತ್ತಾರೆ ಅಂತ ನಾನು ಹೆದರಿದೆ, ಆಸೆಯನ್ನೂ ಪಟ್ಟೆ, ಸುಳ್ಳು ಯಾಕೆ. ಮಾಡಲಿಲ್ಲ. ಪುಸ್ತಕದಲ್ಲಿದ್ದ ರಾಜನ ಮಾತನ್ನೇ ಆಡಿದರು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ದನಿ ಮಾತ್ರ ನಡುವೆ ಒಡೆಯಿತು. ಅಂಥ ಚಪ್ಪಾಳೆ ಈ ಕಂಪನಿಯಲ್ಲಿ ನಾನು ಕೇಳಿಲ್ಲ. ಎಲ್ಲ ಅಪ್ಪನಿಗೆ! ಗೆದ್ದವನು ನಾನು, ಚಪ್ಪಾಳೆ ಅವರಿಗೆ! ಕತ್ತಲಲ್ಲಿ ನಿಂತು ಪುಟ ತಿರುಗಿಸಿದೆ. ಹೊಟ್ಟೆ ಉರಿಯಿತು ಅಮ್ಮ. ನೀನು ಇಷ್ಟು ವರ್ಷ ಹೇಗೆ ಕೂತಿದ್ದೆ ಅಲ್ಲಿ?

ಇನ್ನು ಪ್ರಾಂಪ್ಟರ್ ಯಾರು ಅಂತ ಮಾಲೀಕರು ತಲೆಯ ಮೇಲೆ ಕೈ ಹೊತ್ತಿದ್ದಾರೆ. ಮಹಾರಾಜರು ಜೀವನದಲ್ಲಿ ಮೊದಲ ಸಲ ಮಾತು ಬಾಯಿಪಾಠ ಮಾಡಲು ಕೂತಿದ್ದಾರೆ. ಕಾಲುಚೀಲ ಇಡುವ ಜಾಗವನ್ನೂ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ನಾನು ಜುಲೈ ಮೊದಲ ವಾರ ಬರುತ್ತೇನೆ. ಪಟ್ಟಿಯಲ್ಲಿ ನೀನಿದ್ದ ಜಾಗಕ್ಕಿಂತ ಮೇಲಿದ್ದೇನೆ. ಈ ವಾಕ್ಯವನ್ನು ಹುಡುಗಿಯರ ಮುಂದೆ ಜೋರಾಗಿ ಓದು, ಕೊನೆಯ ಪದದಲ್ಲಿ ದನಿ ಇಳಿಸಬೇಡ. ಸಂಜೆ ನಿನ್ನ ರೂಮಿನ ಪ್ರಶ್ನೆಯ ಸಭೆಗೆ ನಾನೂ ಬರುತ್ತೇನೆ. ಹುಡುಗರನ್ನು ಬಿಡುವುದಿಲ್ಲ ಅಂದರೆ ಮೆಟ್ಟಿಲ ಮೇಲೆ ಸಭೆ ಮಾಡು. ನನ್ನ ಸರದಿ ಬಂದಾಗ ನಾನು ನಿಂತರೆ, ಕೈಯಿಂದ ಬಾಯಿ ಮುಚ್ಚಿಕೊ. ಕನ್ನಡಕದವಳು ನನಗಿಂತ ಮೊದಲು ಉತ್ತರ ಹೇಳಿದರೆ ಅವಳ ಕನ್ನಡಕ ಚಪ್ಪಲಿಯಲ್ಲಿ ಇರುವುದಿಲ್ಲ.

ಗೇಟಿನ ಹತ್ತಿರ ಬರಬೇಡ. ನೀನು ಎಲ್ಲಿ ಕೂರುತ್ತೀಯ ಅಷ್ಟು ಹೇಳು, ನಾನೇ ಬರುತ್ತೇನೆ.

ಇತಿ,
ನಿನ್ನ ಜೂನಿಯರ್
(ಸದ್ಯಕ್ಕೆ)